ತುಕ್ಕಿನ ಕೆಳಗೊಂದು ಕಿರೀಟ: ಹಳೇ ಜೇಬು ಚಾಕುವಿನ ಗುರುತು ಹಿಡಿದ ಕೆಲಸದ ಟಿಪ್ಪಣಿ

ಈ ಸಲ ಮೇಜಿನ ಮೇಲಿರುವುದು ಎರಡು ಅಲಗಿನ ಮಡಚುವ ಚಾಕು. ಮುಚ್ಚಿದಾಗ ಉದ್ದ 92 ಮಿಲಿಮೀಟರ್. ಹಿಡಿಗೆ ಎರಡೂ ಬದಿ ಕೊಂಬಿನ ಪಟ್ಟಿ, ಎರಡೂ ತುದಿಗೆ ಬೆಳ್ಳಗಿನ ಲೋಹದ ಕಟ್ಟು. ದೊಡ್ಡ ಅಲಗು ಒಂದು ತುದಿಯಿಂದ ಏಳುತ್ತದೆ, ಆದರೆ ಅರ್ಧ ದಾರಿಯಲ್ಲಿ ಕಿರುಗುಟ್ಟುತ್ತದೆ. ಇನ್ನೊಂದು ತುದಿಯ ಸಣ್ಣ ಅಲಗು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ದೊಡ್ಡ ಅಲಗಿನ ಬುಡದಲ್ಲಿ ಏನೋ ಮುದ್ರೆ ಇದೆ. ತುಕ್ಕು, ಜಿಡ್ಡು ಎರಡೂ ಸೇರಿ ಅದರ ಮೇಲೆ ಕಪ್ಪು ಹಕ್ಕಳೆ ಕಟ್ಟಿದೆ.

ಆಗಬೇಕಾದ ಕೆಲಸ ಎರಡು. ಯಾರು ಮಾಡಿದ್ದು, ಯಾವ ಕಾಲದ್ದು ಅಂತ ತಿಳಿಯಬೇಕು. ಇರುವ ತುಕ್ಕು ಮುಂದೆ ಹಬ್ಬದ ಹಾಗೆ ತಡೆಯಬೇಕು. ಹೊಸದರ ಹಾಗೆ ಮಿಂಚಿಸುವ ಯೋಚನೆ ನನಗಿಲ್ಲ. ನನ್ನ ಕೇಳಿದರೆ, ಹಳೇ ಚಾಕುಗಳನ್ನು ತುಕ್ಕಿಗಿಂತ ಜಾಸ್ತಿ ಹಾಳು ಮಾಡಿರುವುದು ಪಾಲಿಶ್ ಚಕ್ರ. ತಿರುಗುವ ಬಟ್ಟೆ ಚಕ್ರಕ್ಕೆ ಅಲಗನ್ನು ಒಂದು ಸಲ ಒತ್ತಿದರೆ ಸಾಕು, ಮುದ್ರೆಯ ಅಂಚುಗಳೆಲ್ಲ ದುಂಡಗಾಗುತ್ತವೆ. ಚೂಪಾಗಿದ್ದ ಗೆರೆಗಳು ಕರಗಿದ ಹಾಗೆ ಕಾಣುತ್ತವೆ. ಒಮ್ಮೆ ಹೋದ ಉಕ್ಕು ವಾಪಸ್ ಬರುವುದಿಲ್ಲ, ಅಲ್ವಾ?

ಮೊದಲು ನೋಡುವ ಕೆಲಸ

ಎಣ್ಣೆ ಬಾಟಲಿ ಮುಟ್ಟುವ ಮೊದಲು ಫೋಟೊ ತೆಗೆದೆ. ಎರಡೂ ಬದಿ, ಬೆನ್ನು, ಅಲಗು ಕೂರುವ ಸಂದು, ಎರಡೂ ತುದಿ. ಕೊಳೆಯೂ ಒಂದು ಸುಳಿವು. ತೊಳೆದ ಮೇಲೆ ಅದನ್ನು ಓದಲು ಆಗುವುದಿಲ್ಲ.

ಉದ್ದವನ್ನು ಮುಚ್ಚಿದ ಸ್ಥಿತಿಯಲ್ಲೇ ಅಳೆಯಬೇಕು. ಹಳೇ ಕ್ಯಾಟಲಾಗುಗಳಲ್ಲಿ, ಸಂಗ್ರಹಗಾರರ ಮಾತಿನಲ್ಲಿ ಚಾಕುವಿನ ಅಳತೆ ಅಂದರೆ ಮುಚ್ಚಿದ ಉದ್ದವೇ. ಸಾಣೆ ಹಿಡಿದ ಹಾಗೆಲ್ಲ ಅಲಗು ಸವೆಯುತ್ತದೆ, ಹಿಡಿ ಹಾಗೇ ಇರುತ್ತದೆ. ಅಲಗು ಎಷ್ಟು ಸವೆದಿದೆ ಅಂತ ತಿಳಿಯಲೂ ಹಿಡಿಯೇ ದಾರಿ. ಅಲಗಿನ ಮೊನೆ ಸಂದಿನಲ್ಲಿ ಎಲ್ಲಿಗೆ ಬಂದು ಮಲಗುತ್ತದೆ ನೋಡಿ. ಇದರಲ್ಲಿ ದೊಡ್ಡ ಅಲಗು ಇನ್ನೂ ತುಂಬಿಕೊಂಡಿದೆ. ಹೊಟ್ಟೆಯ ಕಡೆ ಸ್ವಲ್ಪ ಸಾಣೆ ತಿಂದಿದೆ, ಮೊನೆ ಮಾತ್ರ ಹುಟ್ಟಿದ ಜಾಗದಲ್ಲೇ ಇದೆ.

ಮೊನೆ ಮುರಿದ ಚಾಕುಗಳಲ್ಲಿ ಒಂದು ಹಳೇ ಉಪಾಯ ಸಿಗುತ್ತದೆ. ಅಲಗಿನ ಬುಡದಲ್ಲಿ, ಹರಿತ ಶುರುವಾಗುವ ಜಾಗದ ಹತ್ತಿರ ಒಂದು ಸಣ್ಣ ಉಬ್ಬು ಇರುತ್ತದೆ. ಮುಚ್ಚಿದಾಗ ಅದು ಸ್ಪ್ರಿಂಗಿಗೆ ತಾಗಿ ನಿಲ್ಲುತ್ತದೆ. ಹಾಗಾಗಿ ಹರಿತದ ಅಂಚು ಸ್ಪ್ರಿಂಗಿಗೆ ಬಡಿಯುವುದಿಲ್ಲ. ಮೊನೆ ಮುರಿದ ಮೇಲೆ ಅಲಗನ್ನು ಹೊಸದಾಗಿ ಚೂಪು ಮಾಡಿದರೆ ಹೊಸ ಮೊನೆ ಹಿಡಿಯಿಂದ ಹೊರಗೆ ಇಣುಕುತ್ತದೆ, ಜೇಬು ಹರಿಯುತ್ತದೆ. ಅದಕ್ಕೆ ಆ ಉಬ್ಬನ್ನು ಅರ ಹಾಕಿ ಉಜ್ಜಿ ಅಲಗನ್ನು ಕೆಳಗೆ ಇಳಿಸುತ್ತಾರೆ. ಆಮೇಲೆ ಹರಿತ ಸ್ಪ್ರಿಂಗಿಗೆ ಬಡಿದು ಒಂದು ಕಚ್ಚು ಬೀಳುತ್ತದೆ. ಉಬ್ಬಿನ ಮೇಲೆ ಅರದ ಗೆರೆ, ಹರಿತದ ಮೇಲೆ ಕಚ್ಚು, ಇವೆರಡೂ ಒಟ್ಟಿಗೆ ಕಂಡರೆ ಮೊನೆ ಅಸಲಿ ಅಲ್ಲ ಅಂತ ಲೆಕ್ಕ. ಇಲ್ಲಿ ಉಬ್ಬು ದುಂಡಗೆ, ನುಣ್ಣಗೆ ಇದೆ. ಒಳ್ಳೆಯ ಸುದ್ದಿ.

ಆಕಾರದ ವಿಷಯ ಬೇಗ ಮುಗಿಸುತ್ತೇನೆ. ಎರಡೂ ತುದಿಯಿಂದ ಅಲಗು ಏಳುವುದು ಪೆನ್ ನೈಫ್ ಜಾತಿ. ಹಕ್ಕಿ ಗರಿಯ ಲೇಖನಿ ಕೆತ್ತಲು ಹುಟ್ಟಿದ ಚಾಕು ಇದು. ಎಲ್ಲ ಅಲಗೂ ಒಂದೇ ತುದಿಯಲ್ಲಿದ್ದರೆ ಜ್ಯಾಕ್. ಒಂದೇ ತುದಿಗೆ ಉದ್ದನೆಯ ಲೋಹದ ಕಟ್ಟು ಇದ್ದರೆ ಬಾರ್ಲೋ. ಮೂರು ಅಲಗಿನ ಸ್ಟಾಕ್‌ಮನ್, ಉದ್ದ ಅಲಗಿನ ಟ್ರ್ಯಾಪರ್ ಅಮೆರಿಕದಲ್ಲಿ ಬೆಳೆದ ಆಕಾರಗಳು. ಒಂದೇ ಆಕಾರವನ್ನು ನೂರಾರು ಕಾರ್ಖಾನೆಗಳು ಎಷ್ಟೋ ದಶಕ ಮಾಡಿವೆ. ಹಾಗಾಗಿ ಆಕಾರ ನೋಡಿ ಕಾಲ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮುಂದೆ ಅಯಸ್ಕಾಂತ. ಹಿಡಿಯ ತುದಿಯ ಬಿಳಿ ಕಟ್ಟಿಗೆ ತಾಗಿಸಿದೆ, ಅಂಟಲಿಲ್ಲ. ಅಂದರೆ ಕಬ್ಬಿಣ ಅಲ್ಲ, ನಿಕಲ್ ಸಿಲ್ವರ್. ತಾಮ್ರ, ನಿಕಲ್, ಸತು ಬೆರೆಸಿದ ಲೋಹ, ಬೆಳ್ಳಿ ಚೂರೂ ಇಲ್ಲ. ಇಂಗ್ಲೆಂಡಿನಲ್ಲಿ ಇದು ಬಳಕೆಗೆ ಬಂದದ್ದು 1830ರ ದಶಕದಿಂದ ಈಚೆಗೆ. ಕಟ್ಟು ಕಬ್ಬಿಣದ್ದಾಗಿದ್ದರೆ ಚಾಕು ಇನ್ನೂ ಹಳೆಯದಿರಬಹುದಿತ್ತು, ಅಥವಾ ಅಗ್ಗದ ಮಾಲೂ ಆಗಿರಬಹುದಿತ್ತು. ಕೊಂಬಿನ ಪಟ್ಟಿಯ ಒಳಬದಿಗೆ ಇರುವ ಒಳತಗಡು ಹಿತ್ತಾಳೆ. ಸಂದಿನೊಳಗೆ ಹಸಿರು ಕಿಲುಬು ಕಾಣುತ್ತಿತ್ತು, ಅದಕ್ಕೆ ಅಯಸ್ಕಾಂತ ಬೇಕಾಗಲೇ ಇಲ್ಲ.

ಇಷ್ಟೆಲ್ಲ ನೋಡುವಾಗ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಅಲಗು ತಿರುಗುವ ಕೀಲಿನ ಪಿನ್ನು ಲೋಹದ ಕಟ್ಟಿನ ಮೂಲಕ ಹಾದು ಹೋಗುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಪಿನ್ನಿಗೂ ಕಟ್ಟಿಗೂ ಒಂದೇ ಲೋಹ ಹಾಕಿ, ಸುತ್ತಿಗೆಯಿಂದ ತಟ್ಟಿ, ಮೇಲಿಂದ ಉಜ್ಜಿಬಿಡುತ್ತಾರೆ. ಪಿನ್ನು ಎಲ್ಲಿದೆ ಅಂತ ಹುಡುಕಿದರೂ ಸಿಗಬಾರದು. ದೊಡ್ಡ ಅಲಗಿನ ಕಡೆ ಹಾಗೇ ಇದೆ. ಸಣ್ಣ ಅಲಗಿನ ಕಡೆ ಮಾತ್ರ ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತ ತೆಳ್ಳಗೆ ಒಂದು ಕಪ್ಪು ಉಂಗುರ. ಪಿನ್ನಿನ ಬಣ್ಣವೂ ಒಂದು ಕೂದಲೆಳೆಯಷ್ಟು ಹಳದಿ. ಯಾರೋ ಆ ಕೀಲನ್ನು ಬಿಚ್ಚಿ ಮತ್ತೆ ಕೂರಿಸಿದ್ದಾರೆ. ಬರೆದಿಟ್ಟುಕೊಂಡು ಮುಂದೆ ಹೋದೆ.

ಕೊಂಬೋ, ಎಲುಬೋ, ದಂತವೋ

ಹಿಡಿಯ ಪಟ್ಟಿ ಏನು ಅಂತ ತಿಳಿಯದೆ ಎಣ್ಣೆ ಹಾಕಬಾರದು, ಬಿಸಿಯಂತೂ ಕೂಡದು. ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ಪರೀಕ್ಷೆ ಈಗಲೂ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಚಾಕುವಿಗೆ ತೂತು ಬೀಳುತ್ತದೆ. ಪಟ್ಟಿ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಬೆಂಕಿಯೇ ಹತ್ತಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದಿದ್ದರೆ ಸಾಕು.

ಎಲುಬಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳೋ ಚಿಕ್ಕ ಗೆರೆಗಳೋ ಕಾಣುತ್ತವೆ. ರಕ್ತನಾಳ ಹಾಯ್ದ ದಾರಿಗಳು ಅವು. ದಂತದಲ್ಲಿ ಚುಕ್ಕೆ ಇರುವುದಿಲ್ಲ. ಅಡ್ಡ ಕತ್ತರಿಸಿದ ಕಡೆ ಒಂದರ ಮೇಲೊಂದು ಹಾಯುವ ಜಾಲರಿಯಂಥ ಗೆರೆಗಳಿರುತ್ತವೆ. ದಂತದ ಹಾಗೆ ಕಾಣಲಿ ಅಂತ ಮಾಡಿದ ಸೆಲ್ಯುಲಾಯ್ಡಿನಲ್ಲಿ ಗೆರೆಗಳು ಸಾಲಾಗಿ, ನೇರವಾಗಿ, ಅಚ್ಚುಕಟ್ಟಾಗಿ ಓಡುತ್ತವೆ. ಆ ಅಚ್ಚುಕಟ್ಟೇ ಅದನ್ನು ಹಿಡಿದುಕೊಡುತ್ತದೆ. ದಂತ ಅಂತ ಖಚಿತವಾದರೆ ಕಾನೂನಿನ ತಲೆನೋವು ಬೇರೆ. ಬ್ರಿಟನ್ನಿನಲ್ಲಿ 2018ರ ದಂತ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಆಮೇಲೆ ಹಳೇ ದಂತದ ಹಿಡಿಯ ಚಾಕು ಮಾರುವುದೂ ಸುಲಭದ ಮಾತಲ್ಲ.

ಇದರ ಹಿಡಿ ಕೊಂಬು. ಅದರಲ್ಲೂ ಜಿಂಕೆ ಜಾತಿಯ ಕೊಂಬು. ಮೇಲ್ಮೈಯಲ್ಲಿ ಉದ್ದುದ್ದ ಏಣುಗಳು, ನಡುವೆ ಕಂದು ಕಣಿವೆಗಳು. ಎರಡೂ ಬದಿ ಒಂದೇ ಥರ ಇಲ್ಲ. ಎಲುಬಿನ ಮೇಲೆ ಯಂತ್ರದಿಂದ ಗೀರು ಹಾಕಿ ಬಣ್ಣ ಕೊಟ್ಟು ಕೊಂಬಿನ ಹಾಗೆ ಮಾಡುವುದುಂಟು. ಅದರಲ್ಲಿ ಗೀರುಗಳ ಅಗಲ, ಆಳ ಒಂದೇ ಅಳತೆಗೆ ಬರುತ್ತವೆ. ಇಲ್ಲಿ ಒಂದು ಏಣು ಅರ್ಧಕ್ಕೆ ಬಂದು ಕವಲೊಡೆದಿದೆ. ಯಂತ್ರ ಹಾಗೆ ಮಾಡುವುದಿಲ್ಲ. ಚಾಕುವಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡ್, ಅಲ್ಲಿನವರಿಗೆ ನಮ್ಮ ಕಡವೆಯ ಕೊಂಬು ಅಂದರೆ ಬಲು ಇಷ್ಟ. ಒಳಗೆ ಬೆಂಡು ಕಡಿಮೆ, ಗಟ್ಟಿ ಭಾಗ ಜಾಸ್ತಿ. ಕಡವೆ ಕೊಂಬು ತಾನಾಗಿ ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಹಾಗೆ ಉದುರಿದ್ದನ್ನು ಆರಿಸಿ ಹಡಗಿಗೆ ತುಂಬಿ ಕಳಿಸುತ್ತಿದ್ದ ಕಾಲ ಒಂದಿತ್ತು. ಈ ಪಟ್ಟಿ ಕಡವೆಯದ್ದೇ ಇರಬಹುದು. ಲೂಪಿನಲ್ಲಿ ನೋಡಿ ಜಾತಿ ಹೇಳುವಷ್ಟು ಧೈರ್ಯ ನನಗಿಲ್ಲ.

ಬಿಗಿದ ಅಲಗು

ಮುದ್ರೆ ಓದುವ ಆಸೆ ಎಷ್ಟಿದ್ದರೂ ಮೊದಲು ಕೀಲು ಸಡಿಲ ಆಗಬೇಕು. ಹೊಲಿಗೆ ಮಿಷನ್ ಎಣ್ಣೆ ಸಾಕು. ಅಡುಗೆ ಎಣ್ಣೆ ಬೇಡ, ಅದು ದಿನ ಕಳೆದ ಹಾಗೆ ಒಣಗಿ ಅಂಟಾಗುತ್ತದೆ. ಇಡೀ ಚಾಕುವನ್ನು ಎಣ್ಣೆಯಲ್ಲಿ ಮುಳುಗಿಸಿಡುವುದೂ ನನಗೆ ಹಿಡಿಸುವುದಿಲ್ಲ. ಕೊಂಬು, ಎಲುಬು ಎಣ್ಣೆ ಕುಡಿದು ಕಪ್ಪಾಗುತ್ತವೆ. ನೀರಿನಲ್ಲಿ ಇಟ್ಟರಂತೂ ಉಬ್ಬಿ ಪಿನ್ನಿನ ಹತ್ತಿರ ಬಿರುಕು ಬಿಡುತ್ತವೆ. ಚಾಕುವನ್ನು ಕೀಲು ಕೆಳಗಾಗುವ ಹಾಗೆ ನಿಲ್ಲಿಸಿ, ಸೂಜಿ ಮೊನೆಯಲ್ಲಿ ಒಂದೊಂದೇ ಹನಿ ಬಿಟ್ಟೆ. ಮೇಲಕ್ಕೆ ಹರಿದದ್ದನ್ನು ಹತ್ತಿಯಿಂದ ಒರೆಸಿದೆ. ರಾತ್ರಿಯೆಲ್ಲ ಹಾಗೇ ಬಿಟ್ಟೆ.

ಸಣ್ಣ ಅಲಗನ್ನು ಉಗುರು ಹಾಕಿ ಎಳೆಯುವುದು ಬೇಡ. ಬಿಗಿದದ್ದು ಧುತ್ತಂತ ಬಿಟ್ಟುಕೊಂಡರೆ ಬೆರಳಿಗೇ ಬರುತ್ತದೆ. ಇಕ್ಕಳವೂ ಬೇಡ, ಉಗುರು ಹಾಕುವ ಕಚ್ಚಿನ ಅಂಚು ಪುಡಿಯಾಗುತ್ತದೆ. ಒಂದು ತೆಳು ಚರ್ಮದ ಪಟ್ಟಿಯನ್ನು ಅಲಗಿನ ಎರಡೂ ಬದಿ ಮಡಚಿ ಹಿಡಿದೆ. ಒಂದು ಕೂದಲಿನಷ್ಟು ಎಳೆಯುವುದು, ವಾಪಸ್ ಒತ್ತುವುದು. ಮತ್ತೆ ಎಣ್ಣೆ. ಮತ್ತೆ ಒಂದು ಕೂದಲು. ತಾಳ್ಮೆ ಬಿಟ್ಟು ಬೇರೆ ಹತಾರ ಇದಕ್ಕೆ ಇಲ್ಲ. ಕೀಲಿನಿಂದ ಕಂದು ಕೆಸರು ಹೊರಗೆ ಬರಲು ಶುರುವಾದರೆ ದಾರಿ ಸರಿ ಇದೆ ಅಂತ ತಿಳಿಯಬಹುದು. ಅದನ್ನು ಒರೆಸುತ್ತಲೇ ಇರಬೇಕು. ಇಲ್ಲದಿದ್ದರೆ ಅದೇ ಕೆಸರು ಉಜ್ಜುವ ಪೇಸ್ಟಾಗಿ ಕೀಲನ್ನು ಸವೆಸುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಥರದ ಚಾಕುವಿನಲ್ಲಿ ಎರಡೂ ಅಲಗಿಗೆ ಸೇರಿ ಇರುವುದು ಒಂದೇ ಸ್ಪ್ರಿಂಗ್. ನಡುವೆ ಒಂದು ಪಿನ್ನು ಅದನ್ನು ಹಿಡಿದಿರುತ್ತದೆ, ಎರಡು ತುದಿ ಎರಡು ಅಲಗನ್ನು ಒತ್ತುತ್ತವೆ. ಅಲಗು ಅರ್ಧ ತೆರೆದಿರುವಾಗ ಸ್ಪ್ರಿಂಗಿಗೆ ಅತಿ ಹೆಚ್ಚು ಎಳೆತ. ಎರಡೂ ಅಲಗನ್ನು ಒಟ್ಟಿಗೆ ಅರ್ಧಕ್ಕೆ ನಿಲ್ಲಿಸಿದರೆ ಹಳೇ ಸ್ಪ್ರಿಂಗ್ ಟಕ್ ಅಂತ ಮುರಿಯಬಹುದು. ಒಂದನ್ನು ಪೂರ್ತಿ ಮುಚ್ಚಿ ಇನ್ನೊಂದರ ಕೆಲಸ ಮಾಡಬೇಕು.

ಸಣ್ಣ ಅಲಗು ಕೊನೆಗೂ ಎದ್ದಿತು. ಅದರ ಮೇಲಿನ ಕಪ್ಪು ಜಿಡ್ಡನ್ನು ಬಟ್ಟೆಯಿಂದ ಒರೆಸಿದೆ. ಕೆಳಗೆ ತುಕ್ಕೇ ಇಲ್ಲ! ದೊಡ್ಡ ಅಲಗು ಗುಳಿ ಬಿದ್ದು ಕಪ್ಪಾಗಿರುವಾಗ, ಅದೇ ಹಿಡಿಯಲ್ಲಿ, ಅದೇ ತೇವದಲ್ಲಿ ಇದ್ದ ಇದು ಮಂಕಾಗಿದ್ದರೂ ಬೆಳ್ಳಗೇ ಇತ್ತು. ಪಿನ್ನಿನ ಸುತ್ತಲಿದ್ದ ಕಪ್ಪು ಉಂಗುರ ತಕ್ಷಣ ನೆನಪಾಯಿತು.

ಮುದ್ರೆ

ಸಂದಿನೊಳಗಿನ ಗಲೀಜನ್ನು ಹಲ್ಲುಕಡ್ಡಿಯಿಂದ ತೆಗೆದೆ. ಬಟ್ಟೆಯ ನೂಲು, ಮರಳು, ಹಿತ್ತಾಳೆಯ ಕಿಲುಬು ಎಲ್ಲ ಸೇರಿ ಒತ್ತಿದ ಅರಳೆಯ ಹಾಗೆ ಹೊರಗೆ ಬಂತು. ಆಮೇಲೆ ದೊಡ್ಡ ಅಲಗಿನ ಬುಡಕ್ಕೆ ಬಂದೆ.

ಮುದ್ರೆಯ ಮೇಲೆ ಉಕ್ಕಿನ ಸೂಜಿ ಹಾಕಿ ಕೆರೆಯುವುದು ದೊಡ್ಡ ತಪ್ಪು. ಅಕ್ಷರದ ಗೆರೆಯ ಜೊತೆ ನಮ್ಮ ಗೆರೆಯೂ ಸೇರಿಕೊಳ್ಳುತ್ತದೆ. ಎಣ್ಣೆ ಹಾಕಿ ನೆನೆಸಿ, ಬಿದಿರಿನ ಕಡ್ಡಿಯ ತುದಿಯನ್ನು ಉಳಿಯ ಹಾಗೆ ಕೆತ್ತಿ, ಅದರಿಂದ ಹಕ್ಕಳೆಯನ್ನು ಒತ್ತಿ ಒತ್ತಿ ಎಬ್ಬಿಸಿದೆ. ಬಿದಿರಿಗೆ ಜಗ್ಗದ ಕಡೆ ಮಾತ್ರ ತಾಮ್ರದ ತುಂಡಿನ ಅಂಚು. ತಾಮ್ರ ಉಕ್ಕಿಗಿಂತ ಮೆತ್ತಗೆ, ಹಾಗಾಗಿ ತುಕ್ಕನ್ನು ಎಬ್ಬಿಸಿದರೂ ಅಲಗಿಗೆ ಗೀರು ಬೀಳುವುದಿಲ್ಲ.

ಓದಲು ಬೆಳಕೇ ಮುಖ್ಯ. ಕೋಣೆಯ ದೀಪ ಆರಿಸಿ ಸಣ್ಣ ಟಾರ್ಚನ್ನು ಅಲಗಿನ ಪಕ್ಕಕ್ಕೆ, ಸುಮಾರು ಮಟ್ಟವಾಗಿ ಹಿಡಿದೆ. ನೇರ ಬೆಳಕಿನಲ್ಲಿ ಕಾಣದ ಗುಳಿಗಳೆಲ್ಲ ಅಡ್ಡ ಬೆಳಕಿನಲ್ಲಿ ನೆರಳು ಚೆಲ್ಲುತ್ತವೆ. ಟಾರ್ಚನ್ನು ಸುತ್ತ ತಿರುಗಿಸುತ್ತಾ ಹೋದರೆ ಒಂದೊಂದು ದಿಕ್ಕಿನಲ್ಲಿ ಒಂದೊಂದು ಅಕ್ಷರ ಎದ್ದು ನಿಲ್ಲುತ್ತದೆ. ಸಾಲದಿದ್ದರೆ ಎಣ್ಣೆ ಒರೆಸಿ ಸೀಮೆಸುಣ್ಣದ ಪುಡಿ ಸವರಿ, ಮೇಲಿನದನ್ನು ಬೆರಳಿನಿಂದ ಒರೆಸಿದರೆ ಗೆರೆಗಳಲ್ಲಿ ಬಿಳಿ ಉಳಿಯುತ್ತದೆ.

ಕೆಳಗಿನ ಸಾಲು ಮೊದಲು ಸಿಕ್ಕಿತು. ಶೆಫೀಲ್ಡ್. ಮುಂದಿನ ಎರಡು ಅಕ್ಷರ ತುಕ್ಕು ತಿಂದಿತ್ತು, ಉಳಿದದ್ದು ಸ್ಪಷ್ಟ. ಅದರ ಮೇಲೆ ನಾರ್ಫೋಕ್ ಸ್ಟ್ರೀಟ್, ಹಿಂದೆ ಒಂದು 6. ಇಷ್ಟು ಸಿಕ್ಕಿದ ಮೇಲೆ ಮೇಲಿನ ಸಾಲನ್ನು ಓದುವ ಮೊದಲೇ ಹೆಸರು ಗೊತ್ತಾಗಿತ್ತು. ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ನಂಬರ್ 6, ನಾರ್ಫೋಕ್ ಸ್ಟ್ರೀಟ್, ಶೆಫೀಲ್ಡ್. ಪಕ್ಕದಲ್ಲಿ ಅವರ ನಕ್ಷತ್ರವೂ ಮಾಲ್ಟಾ ಶಿಲುಬೆಯೂ ಇದ್ದವು. ನಕ್ಷತ್ರದ ಒಂದು ಕೈ ಸವೆದಿತ್ತು.

ರಾಡ್ಜರ್ಸ್ ಅಂದರೆ ಸಾಮಾನ್ಯ ಕಾರ್ಖಾನೆ ಅಲ್ಲ. 1822ರಲ್ಲಿ ಇವರು 1822 ಅಲಗುಗಳ ಒಂದು ಚಾಕು ಮಾಡಿದರು, ಇಸವಿಯ ಒಂದೊಂದು ವರ್ಷಕ್ಕೆ ಒಂದೊಂದು ಅಲಗು. 1851ರ ಲಂಡನ್ ಮಹಾ ಪ್ರದರ್ಶನಕ್ಕೆ 75 ಅಲಗಿನ ನಾರ್ಫೋಕ್ ಚಾಕು ಕಳಿಸಿದರು. ಯಾರ ಜೇಬಿಗೂ ಹಿಡಿಸದ ಚಾಕು ಯಾಕೆ ಮಾಡಿದರು ಅಂತ ಕೇಳಬಹುದು. ನಮ್ಮ ಕೈಚಳಕ ನೋಡಿ ಅಂತ, ಇನ್ನೇನು!

ಹೆಸರು ದೊಡ್ಡದಾದರೆ ನಕಲೂ ಜಾಸ್ತಿ. ರಾಡ್ಜರ್ಸ್ ಗುರುತನ್ನು, ಶೆಫೀಲ್ಡಿನ ಇನ್ನೊಂದು ಚಾಕು ಕಾರ್ಖಾನೆ ವೋಸ್ಟೆನ್‌ಹೋಮಿನವರ ಐ ಎಕ್ಸ್ ಎಲ್ ಗುರುತನ್ನು 19ನೇ ಶತಮಾನದಲ್ಲೇ ಬೇಕಾದಷ್ಟು ಜನ ಕದ್ದರು. ಜರ್ಮನಿಯಲ್ಲಿ ಮಾಡಿದ ಅಗ್ಗದ ಮಾಲಿಗೆ ಶೆಫೀಲ್ಡ್ ಮುದ್ರೆ ಹೊಡೆಯುತ್ತಾರೆ ಅಂತ ಶೆಫೀಲ್ಡಿನವರು ಗಲಾಟೆ ಮಾಡಿದರು. 1887ರಲ್ಲಿ ಬ್ರಿಟನ್ ಸರಕು ಗುರುತುಗಳ ಕಾಯ್ದೆ ತಂದದ್ದರ ಹಿಂದೆ ಆ ದೂರೂ ಇತ್ತು. ಬೇರೆ ರಾಡ್ಜರ್ಸ್‌ಗಳೂ ಇದ್ದರು, ಹೆಸರಿನ ನಡುವೆ ಡಿ ಅಕ್ಷರ ಇಲ್ಲದ ರಾಜರ್ಸ್‌ಗಳೂ ಇದ್ದರು. ಮೊದಲಿನ ಹೆಸರು, ಬೀದಿ, ಗುರುತು ಮೂರೂ ಒಟ್ಟಿಗೆ ಕೂಡಬೇಕು. ಇನ್ನೊಂದು ಮಾತು. 1971ರಲ್ಲಿ ರಾಡ್ಜರ್ಸ್ ವೋಸ್ಟೆನ್‌ಹೋಮನ್ನು ಕೊಂಡಿತು, ಆಮೇಲೆ ಹೆಸರು ಹಲವು ಕೈ ದಾಟಿತು. ನಕ್ಷತ್ರ ಮತ್ತು ಶಿಲುಬೆ ಹೊಸ ಚಾಕುಗಳ ಮೇಲೂ ಬರುತ್ತವೆ. ಗುರುತು ಕಂಡಿತು ಅಂತ ಕುಣಿಯುವ ಹಾಗಿಲ್ಲ.

ಮುದ್ರೆ ಆಮೇಲೆ ಹೊಡೆದದ್ದೋ ಅಂತ ನೋಡಲು ನಾನು ನಂಬುವ ಪರೀಕ್ಷೆ ಒಂದೇ. ತುಕ್ಕಿನ ಗುಳಿಯೂ ಅಕ್ಷರದ ಗೆರೆಯೂ ಸಂಧಿಸುವ ಜಾಗ ಹುಡುಕಬೇಕು. ಮುದ್ರೆ ಹಳೆಯದಾದರೆ ಗುಳಿ ಅಕ್ಷರವನ್ನು ತಿಂದಿರುತ್ತದೆ. ಮುದ್ರೆ ಹೊಸದಾದರೆ ಅಕ್ಷರದ ಗೆರೆ ಗುಳಿಯ ಅಂಚನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಗೆರೆಯ ತಳದಲ್ಲಿ ಬಣ್ಣವೂ ಬೇರೆ ಇರುತ್ತದೆ. ಇಲ್ಲಿ ಸನ್ಸ್ ಅನ್ನುವ ಪದದ ಮೊದಲ ಅಕ್ಷರದ ಹೊಟ್ಟೆಯೊಳಗೆ ಒಂದು ಗುಳಿ ಇಳಿದಿದೆ. ಗೆರೆ ಅಲ್ಲಿಗೆ ಬಂದು ಮಾಯವಾಗಿ ಆಚೆ ಕಡೆ ಮತ್ತೆ ಏಳುತ್ತದೆ. ಮುದ್ರೆ ಮೊದಲು, ತುಕ್ಕು ಆಮೇಲೆ. ಸಮಾಧಾನ ಆಯಿತು.

ಕಾಲ ಹೇಳುವ ಸುಳಿವು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿದೆ. ಅಲ್ಲೊಂದು ಕಿರೀಟ. ಅದರ ಬಲಕ್ಕೆ ಆರ್ ಅಕ್ಷರ. ಎಡಕ್ಕೆ ಇದ್ದ ಅಕ್ಷರವನ್ನು ತುಕ್ಕು ನುಂಗಿದೆ. ರಾಜಮನೆತನಕ್ಕೆ ಚಾಕು ಒದಗಿಸುತ್ತಿದ್ದ ರಾಡ್ಜರ್ಸ್, ಆಳುವ ರಾಜ ಅಥವಾ ರಾಣಿಯ ಹೆಸರಿನ ಮೊದಲ ಅಕ್ಷರವನ್ನು ಕಿರೀಟದ ಪಕ್ಕ ಹೊಡೆಯುತ್ತಿತ್ತು. ಎಡಗಡೆ ಜಿ ಇದ್ದರೆ ಜಾರ್ಜ್. 1830ಕ್ಕೆ ಮೊದಲಿನ ನಾಲ್ಕನೇ ಜಾರ್ಜೂ ಆಗಬಹುದು, 1910ರಿಂದ 1936ರವರೆಗಿನ ಐದನೇ ಜಾರ್ಜೂ ಆಗಬಹುದು. ಡಬ್ಲ್ಯು ಇದ್ದರೆ ವಿಲಿಯಂ, 1830ರಿಂದ 1837. ವಿ ಇದ್ದರೆ ವಿಕ್ಟೋರಿಯಾ, 1837ರಿಂದ 1901. ಇ ಇದ್ದರೆ ಎಡ್ವರ್ಡ್, 1901ರಿಂದ 1910. ಒಂದು ಅಕ್ಷರದ ಮೇಲೆ ನೂರು ವರ್ಷ ನಿಂತಿದೆ.

ಸೀಮೆಸುಣ್ಣ ಸವರಿ ಟಾರ್ಚನ್ನು ಎಡದಿಂದ ಹಿಡಿದೆ. ಏನೂ ಇಲ್ಲ. ಕೆಳಗಿನಿಂದ ಹಿಡಿದಾಗ ಅಕ್ಷರದ ತಳ ಕಂಡಿತು. ಒಂದೇ ಒಂದು ಚೂಪು ಮೊನೆ. ಇ ಆಗಿದ್ದರೆ ತಳ ಮಟ್ಟವಾಗಿ ಇರಬೇಕಿತ್ತು, ಜಿ ಆಗಿದ್ದರೆ ದುಂಡಗೆ. ಎರಡೂ ಹೋಯಿತು. ಡಬ್ಲ್ಯುಗೆ ಎರಡು ಮೊನೆ ಬೇಕು. ಇನ್ನೊಂದು ಮೊನೆಯನ್ನು ತುಕ್ಕು ತಿಂದಿರಬಹುದಲ್ಲ ಅಂತ ಅನುಮಾನ ಬಂತು. ಅದಕ್ಕೆ ಅಳತೆ ನೋಡಿದೆ. ಕಿರೀಟದ ನಡುವಿನಿಂದ ಬಲಗಡೆ ಆರ್ ಅಕ್ಷರದ ನಡುವಿಗೆ ಎಷ್ಟು ದೂರವೋ, ಎಡಗಡೆ ಆ ಮೊನೆಗೂ ಅಷ್ಟೇ ದೂರ. ಅಂದರೆ ಮೊನೆ ಅಕ್ಷರದ ನಟ್ಟನಡುವೆ ಇದೆ. ಡಬ್ಲ್ಯು ಆಗಿದ್ದರೆ ನಡುವೆ ಕೆಳಗೆ ಮೊನೆ ಬರುವುದಿಲ್ಲ. ಬಲಗಡೆ ಮೇಲಕ್ಕೆ ಹೋಗುವ ಕೈಯ ತುಣುಕೊಂದು ಕಿರೀಟದ ಅಂಚಿನ ಹತ್ತಿರ ಉಳಿದಿತ್ತು. ಅದೂ ಕೂಡಿತು. ವಿಕ್ಟೋರಿಯಾ.

ಇನ್ನೂ ಹಿಂದಕ್ಕೆ ಎಳೆಯಬಹುದೇ? ಮುದ್ರೆಯಲ್ಲಿ ಇಂಗ್ಲೆಂಡ್ ಅನ್ನುವ ಪದ ಇಲ್ಲ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಬಂದ ಮೇಲೆ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. ಹಾಗಾಗಿ ದೇಶದ ಹೆಸರಿಲ್ಲದ ಚಾಕು ಎಲ್ಲ 1891ಕ್ಕಿಂತ ಹಿಂದಿನದು ಅಂತ ಕೆಲವರು ಕಣ್ಣು ಮುಚ್ಚಿ ಹೇಳಿಬಿಡುತ್ತಾರೆ. ಅಮೆರಿಕಕ್ಕೆ ಹೋದ ಚಾಕುವಿಗೆ ಆ ಮಾತು ಸರಿ. ಬೇರೆ ಕಡೆ ಮಾರಿದ ಚಾಕುವಿಗೆ ಆ ಕಾಯ್ದೆ ಯಾಕೆ ಅನ್ವಯಿಸಬೇಕು? ನಾನು 1837ರಿಂದ 1901 ಅಂತಲೇ ಬರೆದೆ. ಅಗಲವಾದ ಸರಿ ಉತ್ತರ, ಕಿರಿದಾದ ಊಹೆಗಿಂತ ವಾಸಿ.

ಅಮೆರಿಕದ ಕೇಸ್ ಕಂಪನಿಯ ಚಾಕು ಆಗಿದ್ದರೆ ಈ ಕಷ್ಟ ಇರುತ್ತಿರಲಿಲ್ಲ. 1970ರಿಂದ ಅವರು ಬುಡದ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿ, ವರ್ಷಕ್ಕೆ ಒಂದು ಚುಕ್ಕಿ ಕಳೆಯುತ್ತಾ ಬಂದರು. ಚುಕ್ಕಿ ಎಣಿಸಿದರೆ ವರ್ಷ ಸಿಗುತ್ತದೆ. ಮಾದರಿ ನಂಬರೂ ಮಾತಾಡುತ್ತದೆ. 6254 ಅಂದರೆ ಮೊದಲ 6 ಎಲುಬಿನ ಹಿಡಿ, 2 ಅಂದರೆ ಎರಡು ಅಲಗು, 54 ಟ್ರ್ಯಾಪರ್ ಆಕಾರ. ಮೊದಲ ಅಂಕಿ 5 ಆದರೆ ಕೊಂಬು. ಹಿಡಿ ಹಳದಿ ಪ್ಲಾಸ್ಟಿಕ್ಕಾಗಿದ್ದು ಬುಡದಲ್ಲಿ 5 ಇದ್ದರೆ ಏನೋ ಎಡವಟ್ಟಾಗಿದೆ ಅಂತ ತಕ್ಷಣ ತಿಳಿಯುತ್ತದೆ.

ಸಣ್ಣ ಅಲಗಿನ ಗುಟ್ಟು

ಈಗ ಬೆಳ್ಳಗಿನ ಸಣ್ಣ ಅಲಗು. ಅಯಸ್ಕಾಂತ ಅಂಟಿತು. ಅದರಿಂದ ಏನೂ ತಿಳಿಯುವುದಿಲ್ಲ. ಚಾಕುವಿಗೆ ಬಳಸುವ, ಹದ ಹಿಡಿಯುವ ಸ್ಟೇನ್‌ಲೆಸ್ ಉಕ್ಕಿಗೂ ಅಯಸ್ಕಾಂತ ಅಂಟುತ್ತದೆ. ಬುಡ ಒರೆಸಿದಾಗ ಉತ್ತರ ಅಲ್ಲೇ ಇತ್ತು. ಸಣ್ಣ ಅಕ್ಷರದಲ್ಲಿ ಸ್ಟೇನ್‌ಲೆಸ್ ಅಂತ ಹೊಡೆದಿದೆ. ತಯಾರಕರ ಹೆಸರೇ ಇಲ್ಲ.

ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿ ಎರಕ ಹೊಯ್ದದ್ದು 1913ರಲ್ಲಿ. ಅವರು ಹುಡುಕುತ್ತಿದ್ದದ್ದು ಬಂದೂಕಿನ ನಳಿಗೆ ಸವೆಯದ ಹಾಗೆ ಮಾಡುವ ಉಕ್ಕು. ಸಿಕ್ಕಿದ್ದು ಚಾಕುವಿಗೆ ಬಂತು. ವಿಕ್ಟೋರಿಯಾ ರಾಣಿ ತೀರಿಕೊಂಡು ಆಗಲೇ 12 ವರ್ಷ ಆಗಿತ್ತು. ಅಂದರೆ ಈ ಅಲಗು ಆ ಹಿಡಿಯ ಜೊತೆ ಹುಟ್ಟಿದ್ದಲ್ಲ.

ಬೇರೆ ಸುಳಿವುಗಳೂ ಅದನ್ನೇ ಹೇಳುತ್ತವೆ. ದೊಡ್ಡ ಅಲಗಿನಲ್ಲಿ ಉಗುರು ಹಾಕುವ ಕಚ್ಚು ಅರ್ಧಚಂದ್ರ, ಸಣ್ಣದರಲ್ಲಿ ನೇರ ಗೆರೆ. ಬೆನ್ನನ್ನು ಬೆರಳಿನಿಂದ ಸವರಿದರೆ ದೊಡ್ಡ ಅಲಗಿನ ಕಡೆ ಸ್ಪ್ರಿಂಗೂ ಒಳತಗಡೂ ಒಂದೇ ಮಟ್ಟ. ತೆರೆದಾಗಲೂ ಅಷ್ಟೇ, ಮುಚ್ಚಿದಾಗಲೂ ಅಷ್ಟೇ. ಒಳ್ಳೆಯ ಕಮ್ಮಾರನ ಕೆಲಸ ಗೊತ್ತಾಗುವುದು ಇಲ್ಲೇ. ಸಣ್ಣ ಅಲಗಿನ ಕಡೆ ಸ್ಪ್ರಿಂಗ್ ಒಂದಿಷ್ಟು ಎದ್ದು ನಿಲ್ಲುತ್ತದೆ, ಬೆರಳಿಗೆ ತಡೆಯುತ್ತದೆ. ಹೊಸ ಅಲಗಿನ ಬುಡವನ್ನು ಹಳೇ ಸ್ಪ್ರಿಂಗಿಗೆ ಸರಿಯಾಗಿ ಉಜ್ಜಿ ಕೂರಿಸಿಲ್ಲ. ಪಿನ್ನನ್ನೂ ಜೋರಾಗಿ ತಟ್ಟಿದ್ದಾರೆ. ಅಲಗು ಬಿಗಿದದ್ದಕ್ಕೆ ತುಕ್ಕಿಗಿಂತ ಈ ಸುತ್ತಿಗೆ ಏಟೇ ಕಾರಣ ಅಂತ ಕಾಣುತ್ತದೆ.

ಅದನ್ನು ಕಿತ್ತು ಅದೇ ಕಾಲದ ರಾಡ್ಜರ್ಸ್ ಅಲಗು ಹುಡುಕಿ ಹಾಕಬಹುದಲ್ಲ? ಆಗುತ್ತದೆ. ಎರಡು ಸತ್ತ ಚಾಕು ಸೇರಿಸಿ ಒಂದು ಬದುಕಿಸುವವರೂ ಇದ್ದಾರೆ, ಆಮೇಲೆ ಎಲ್ಲವೂ ಅಸಲಿ ಅಂತ ಮಾರುವವರೂ ಇದ್ದಾರೆ. ನನಗೆ ಆ ದಾರಿ ಬೇಡ. ಯಾರಿಗೋ ಈ ಚಾಕು ದಿನಾ ಬೇಕಾಗಿತ್ತು, ಅಲಗು ಮುರಿದಾಗ ಎಸೆಯದೆ ರಿಪೇರಿ ಮಾಡಿಸಿದರು. ಆ ರಿಪೇರಿ ಈಗ ಚಾಕುವಿನ ಭಾಗ. ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು.

ತುಕ್ಕು ಎಷ್ಟು ತೆಗೆಯಬೇಕು

ಕೆಂಪು ತುಕ್ಕು ಬೇರೆ, ಕಪ್ಪು ನೀಲಿ ಬಣ್ಣ ಬೇರೆ. ಕೆಂಪಾಗಿ ಪುಡಿಯಾಗುವುದು ತೇವ ಹಿಡಿದಿಟ್ಟುಕೊಂಡು ಕೆಳಗಿನ ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ಅದು ಹೋಗಲೇಬೇಕು. ಕಪ್ಪು ನೀಲಿ ಪದರ ಉಕ್ಕಿಗೆ ಅಂಟಿಕೊಂಡು ನಿಂತಿರುತ್ತದೆ, ಅದನ್ನು ಬಿಡಬೇಕು. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಉಜ್ಜಿ. ಬಟ್ಟೆಗೆ ಕಿತ್ತಳೆ ಬಣ್ಣ ಹತ್ತುತ್ತಿದ್ದರೆ ಕೆಲಸ ಬಾಕಿ ಇದೆ. ಬೂದು ಬಣ್ಣಕ್ಕೆ ಬಂದರೆ ನಿಲ್ಲಿಸಿ.

ನಾನು ಬಳಸಿದ್ದು ನಾಲ್ಕು ಸೊನ್ನೆಯ ಸ್ಟೀಲ್ ವೂಲ್, ಅಂದರೆ ಅತಿ ನಯವಾದದ್ದು, ಎಣ್ಣೆಯಲ್ಲಿ ನೆನೆಸಿ. ಅಲಗಿನ ಮುಖದ ಮೇಲೆ ಮಾತ್ರ, ಉದ್ದಕ್ಕೆ. ಮುದ್ರೆಯ ಹತ್ತಿರ ಬೆರಳಗಲ ಜಾಗ ಬಿಟ್ಟೆ. ಗುಳಿಗಳು ಹೋಗುವುದಿಲ್ಲ. ಗುಳಿ ಮಾಯವಾಗುವ ತನಕ ಉಜ್ಜಿದರೆ ಅಲಗೇ ತೆಳ್ಳಗಾಗುತ್ತದೆ. ಸಾಣೆಯೂ ಹಿಡಿಯಲಿಲ್ಲ. ಹರಿತ ಮೊಂಡಾಗೇ ಇದೆ, ಇರಲಿ.

ಹಿತ್ತಾಳೆಯ ಕಿಲುಬನ್ನು ಕಡ್ಡಿಯಿಂದಲೇ ಕೆರೆದೆ. ನಿಕಲ್ ಸಿಲ್ವರ್ ಕಟ್ಟನ್ನು ಬಟ್ಟೆಯಿಂದ ಒರೆಸಿದೆ, ಅಷ್ಟೇ. ಕೊಂಬಿಗೆ ಮೈಕ್ರೋಕ್ರಿಸ್ಟಲೈನ್ ಮೇಣ ತೆಳ್ಳಗೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರೆನೆಸಾನ್ಸ್ ವ್ಯಾಕ್ಸ್ ಇದೇ ಜಾತಿಯದು. ಅಲಗಿಗೂ ಅದನ್ನೇ ಹಚ್ಚಬಹುದು. ಬೆರಳಿನ ಬೆವರು ಉಕ್ಕಿಗೆ ತಾಗುವುದಿಲ್ಲ.

ಇಡುವ ಜಾಗ

ಇದರ ಜೊತೆ ಒಂದೇ ಡಬ್ಬಿಯಲ್ಲಿ ಆಮೆ ಚಿಪ್ಪಿನ ಹಾಗೆ ಕಾಣುವ ಹಿಡಿಯ ಇನ್ನೊಂದು ಚಾಕು ಬಂದಿತ್ತು. ಲೂಪಿನಲ್ಲಿ ನೋಡಿದರೆ ಹಿಡಿಯೊಳಗೆ ಸಣ್ಣ ಸಣ್ಣ ಬಿರುಕಿನ ಜಾಲ. ಮೂಗಿನ ಹತ್ತಿರ ತಂದರೆ ಕರ್ಪೂರದ ವಾಸನೆ, ಜೊತೆಗೆ ಒಂದು ಹುಳಿ ಘಾಟು. ಸೆಲ್ಯುಲಾಯ್ಡ್ ಕೊಳೆಯುತ್ತಿದೆ. ಕೊಳೆಯುವಾಗ ಅದರಿಂದ ಆಮ್ಲದ ಆವಿ ಹೊರಡುತ್ತದೆ, ಹತ್ತಿರದ ಉಕ್ಕನ್ನೆಲ್ಲ ತಿನ್ನುತ್ತದೆ. ಆ ಚಾಕುವಿನ ಅಲಗುಗಳಲ್ಲಿ ಹಿಡಿಯೊಳಗೆ ಅಡಗುವ ಭಾಗಕ್ಕೆ ಮಾತ್ರ ದಟ್ಟ ತುಕ್ಕು, ಹೊರಗೆ ಇಣುಕುವ ಬೆನ್ನಿಗೆ ಕಡಿಮೆ. ನೋಡಿದರೆ ಆವಿ ಎಲ್ಲಿ ನಿಂತಿತ್ತು ಅಂತ ತೋರಿಸಬಹುದು. ಮುಚ್ಚಿದ ಡಬ್ಬಿಯಲ್ಲಿ ಪಕ್ಕದ ಚಾಕುಗಳಿಗೂ ಅದು ಹಬ್ಬುತ್ತದೆ. ರಾಡ್ಜರ್ಸ್ ಅಲಗಿನ ಕೆಲವು ಹೊಸ ಕೆಂಪು ಚುಕ್ಕೆಗಳಿಗೆ ಇದೇ ಕಾರಣ ಅಂತ ನನ್ನ ಅನುಮಾನ.

ಹಾಗಾಗಿ ಸೆಲ್ಯುಲಾಯ್ಡ್ ಹಿಡಿಯದನ್ನು ಬೇರೆ ಕಪಾಟಿಗೆ, ಗಾಳಿಯಾಡುವ ಕಡೆ ಸಾಗಿಸಿದೆ. ಅದನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಕೊಳೆತ ಇನ್ನೂ ಜೋರಾಗುತ್ತದೆ. ಬೆಂಕಿ, ಬಿಸಿ ದೀಪ ಹತ್ತಿರ ಇರಬಾರದು. ರಾಡ್ಜರ್ಸನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡ್ರಾಯರಿಗೆ ಹಾಕಿದೆ. ಚರ್ಮದ ಚೀಲ ಎಷ್ಟೇ ಚೆಂದ ಇರಲಿ, ಅದರಲ್ಲಿ ಇಡುವುದಿಲ್ಲ. ಚರ್ಮ ತೇವ ಹೀರುತ್ತದೆ, ಹದ ಮಾಡುವಾಗ ಬಳಸಿದ ಆಮ್ಲಗಳೂ ಅದರಲ್ಲಿ ಉಳಿದಿರುತ್ತವೆ. ಹಿತ್ತಾಳೆಗೆ ಕಿಲುಬು ಬರುವುದು ಹಾಗೆಯೇ.

ಜೊತೆಗೆ ಇಟ್ಟ ಚೀಟಿಯಲ್ಲಿ ಹೀಗಿದೆ: ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ಶೆಫೀಲ್ಡ್. ಪೆನ್ ನೈಫ್, ಎರಡು ಅಲಗು, ಮುಚ್ಚಿದ ಉದ್ದ 92 ಮಿಲಿಮೀಟರ್. ಕೊಂಬಿನ ಹಿಡಿ, ನಿಕಲ್ ಸಿಲ್ವರ್ ಕಟ್ಟು, ಹಿತ್ತಾಳೆ ಒಳತಗಡು. ದೊಡ್ಡ ಅಲಗು ಅಸಲಿ, ವಿಕ್ಟೋರಿಯಾ ಮುದ್ರೆ, 1837ರಿಂದ 1901. ಸಣ್ಣ ಅಲಗು ಮತ್ತು ಅದರ ಪಿನ್ನು ಆಮೇಲಿನವು, ಸ್ಟೇನ್‌ಲೆಸ್, 1913ರ ಈಚೆಗೆ. ಸಣ್ಣ ಅಲಗು ಇನ್ನೂ ಬಿಗಿ, ಚರ್ಮದ ಪಟ್ಟಿ ಇಲ್ಲದೆ ತೆರೆಯಬೇಡಿ.